ಒಂದೆಳೆಯೂ ಇರತಕ್ಕದ್ದಲ್ಲ

ಗುಂಡಿಯಕ್ಕನ ಸಿಟ್ಟು ಶುರುವಾದದ್ದು ಚರಂಡಿಯಿಂದ. ಅದಕ್ಕೆ ಮುಂಚೆ ಅವಳು ತಣ್ಣಗಿನ ಹೆಂಗಸಾಗಿದ್ದಳು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಿಟ್ಟು ಮೊದಲೂ ಇತ್ತು, ಅದಕ್ಕೊಂದು ದಿಕ್ಕು ಸಿಕ್ಕಿದ್ದು ಮಾತ್ರ ಹೋದ ವರ್ಷದ ಮಳೆಯಲ್ಲಿ.

ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ, ಚರಂಡಿಗೆ ಬೆನ್ನು ಹಾಕಿಕೊಂಡು ಅವಳ ಹೊಲಿಗೆ ಅಂಗಡಿ ಇದೆ. ಮೂರು ಮಿಷಿನ್ನು, ಮೂರು ಹೆಂಗಸರು: ಅವಳು, ಅವಳ ಅತ್ತೆ, ಅವಳ ನಾದಿನಿ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆರಡು ಸಲ ಬಂದು ಉಂಡು ಮಲಗಿ ಹೋಗುತ್ತಾನೆ, ಈ ಕಥೆಯಲ್ಲಿ ಅವನಿಗೇನೂ ಕೆಲಸವಿಲ್ಲ. ಗುಂಡಿಯಕ್ಕ ಎಂಬ ಹೆಸರು ಮಾರುಕಟ್ಟೆಯವರು ಇಟ್ಟದ್ದು. ಅವಳು ಹಾಕಿದ ಗುಂಡಿ ಅಂಗಿ ಹರಿದರೂ ಕಿತ್ತು ಬರುವುದಿಲ್ಲ ಎಂಬ ಮೆಚ್ಚುಗೆಯ ಹೆಸರು ಅದು. ಗಟ್ಟಿ ಹೊಲಿಗೆ ಅಂದರೆ ಅವಳಿಗೆ ಪ್ರಾಣ.

ಆ ಮಳೆಯಲ್ಲಿ ಚರಂಡಿ ಕಟ್ಟಿಕೊಂಡು ನೀರು ಹಿಂಬಾಗಿಲಿನಿಂದ ಒಳಗೆ ಬಂತು. ಗಿರಾಕಿಗಳ ಬಟ್ಟೆಯೆಲ್ಲ ಕೊಚ್ಚೆಯಲ್ಲಿ ತೇಲಿತು. ಗುಂಡಿಯಕ್ಕ ಮೊಣಕಾಲುದ್ದ ನೀರಿಗಿಳಿದು ಮೋರಿಯ ಬಾಯಿಗೆ ಕೈ ಹಾಕಿದರೆ ಸಿಕ್ಕಿದ್ದೇನು? ಪ್ಲಾಸ್ಟಿಕ್ ಕವರು. ಒಂದರ ಹಿಂದೆ ಒಂದು, ಕೈ ಸೋಲುವಷ್ಟು. ಅವನ್ನೆಲ್ಲ ತೋಳ್ತುಂಬ ಎತ್ತಿಕೊಂಡು, ನೀರು ಸುರಿಸುತ್ತಲೇ ಮಾರುಕಟ್ಟೆಯ ಮುಂಭಾಗಕ್ಕೆ ಹೋಗಿ ಒಂದೊಂದೇ ಎತ್ತಿ ಹಿಡಿದು ಅಂಗಡಿ ಅಂಗಡಿಗೂ ಕೇಳಿದಳು: "ಇದು ಯಾರ್ದು?"

ಹಣ್ಣಿನವನು ತನ್ನದು ಹಳದಿ ಅಂದ. ತರಕಾರಿಯವನು ತನ್ನದು ಇನ್ನೂ ತೆಳು ಅಂದ. ಮೀನಿನವಳಂತೂ ಸೊಂಟಕ್ಕೆ ಕೈ ಇಟ್ಟುಕೊಂಡು, ಕಪ್ಪು ಕವರು ಬಿಟ್ಟು ಬೇರೆ ಬಣ್ಣ ತಾನು ಮುಟ್ಟಿದ್ದೇ ಇಲ್ಲ ಎಂದು ಆಣೆ ಹಾಕಿದಳು. ಕಪ್ಪು ಕವರನ್ನೇ ತೋರಿಸಿದಾಗ, ಅದು ಯಾವ ಮೀನಿನವಳದ್ದೋ ಯಾರು ಕಂಡವರು ಅಂದಳು. ಊರಲ್ಲಿ ಇನ್ನೊಬ್ಬ ಮೀನಿನವಳಿಲ್ಲ. ಹಾಗಾದರೆ ಇವು ಚರಂಡಿಯಲ್ಲೇ ಬೆಳೆಯುತ್ತವಾ ಎಂದು ಗುಂಡಿಯಕ್ಕ ಕಿರುಚಿದಳು. ಎಲ್ಲರೂ ನಕ್ಕರು. ಅವತ್ತಿನಿಂದ "ಇದು ಯಾರ್ದು" ಅನ್ನೋದು ಮಾರುಕಟ್ಟೆಯಲ್ಲಿ ಅವಳನ್ನು ರೇಗಿಸುವ ಮಾತಾಯಿತು.

ಅದಾದ ಮೇಲೆ ನಗರಸಭೆಯವರು ಒಂದು ನಿಯಮ ತರುತ್ತೇವೆಂದು ಹೊರಟರು. ಮಾರುಕಟ್ಟೆಯಲ್ಲಿ ತೆಳು ಕವರು ಬಂದ್, ಬಟ್ಟೆ ಚೀಲ ಕಡ್ಡಾಯ. ಚೀಲ ಹೊಲಿಯುವ ಕೆಲಸ ಒಬ್ಬರಿಗೇ, ಒಂದು ವರ್ಷ. ಕರಡನ್ನು ಬೋರ್ಡಿಗೆ ಅಂಟಿಸಿ, ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಬಂದು ಹೇಳಿ ಅಂದರು. ಇಂಥ ಕರೆಗೆ ಯಾರು ಹೋಗುತ್ತಾರೆ? ಇಬ್ಬರು ಹೋದರು. ಒಬ್ಬಳು ಗುಂಡಿಯಕ್ಕ, ಇನ್ನೊಬ್ಬ ಕವರಣ್ಣ.

ಕವರಣ್ಣ ಇಪ್ಪತ್ತು ವರ್ಷದಿಂದ ಮಾರುಕಟ್ಟೆಗೆ ಪ್ಲಾಸ್ಟಿಕ್ ಕವರು ಪೂರೈಸುವ ಮನುಷ್ಯ. ಹಗ್ಗ, ದಾರ, ರಟ್ಟಿನ ಪೆಟ್ಟಿಗೆ, ಅಂಟು ಪಟ್ಟಿ, ಎಲ್ಲವೂ ಅವನ ಅಂಗಡಿಯಲ್ಲೇ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ, ಎಲ್ಲರಿಗೂ ಬಹುವಚನ. ಕವರು ಹೋಗುತ್ತದೆ ಎಂಬ ಗಾಳಿಸುದ್ದಿ ಬಂದ ವಾರದಲ್ಲೇ ಅವನು ಹೊಸ ಚೀಲವೊಂದನ್ನು ತರಿಸಿದ್ದ. ನೋಡಿದರೆ ಬಟ್ಟೆ, ಮುಟ್ಟಿದರೆ ಬಟ್ಟೆ, ಮೇಲೆ ಹಸಿರು ಎಲೆಯ ಚಿತ್ರ ಬೇರೆ. ಗುಂಡಿಯಕ್ಕ ಅದರ ಅಂಚನ್ನು ಉಗುರಲ್ಲಿ ಕೆರೆದು ನೋಡಿದಳು. ಎಳೆಯೇ ಇಲ್ಲ. ನೇಯ್ದದ್ದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬಟ್ಟೆಯ ಹಾಗೆ ಒತ್ತಿದ್ದು. ನೀವು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಜಾತಿ.

ನೈರ್ಮಲ್ಯ ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ, ದಪ್ಪ ಕನ್ನಡಕ, ಕೆಲಸದ ಮೇಲೆ ಇನ್ನೂ ನಂಬಿಕೆ ಇಟ್ಟುಕೊಂಡಿರುವವಳು. ಅವಳ ಮುಂದೆ ಗುಂಡಿಯಕ್ಕ ಬೆರಳು ಚಾಚಿ ಹೇಳಿದಳು, ಬರೀ 'ಬಟ್ಟೆ' ಅಂತ ಬರೆದರೆ ಇವರೆಲ್ಲ ನುಸುಳುತ್ತಾರೆ, ಬಟ್ಟೆ ಅಂದರೇನು ಅಂತ ಬರೆಯಿರಿ. ಬೆಂಕಿ ಹಚ್ಚಿದರೆ ಬೂದಿಯಾಗಬೇಕು, ಕರಗಿ ಉಂಡೆ ಕಟ್ಟಬಾರದು. ದರ್ಜಿಗಳು ಬಟ್ಟೆ ಅಸಲೋ ನಕಲಿಯೋ ಅಂತ ನೋಡುವುದು ಹಾಗೆಯೇ, ಒಂದೆಳೆ ಕಿತ್ತು ಕಡ್ಡಿ ಗೀರಿ.

"ಒಂದೆಳೆ ಪ್ಲಾಸ್ಟಿಕ್ಕೂ ಇರಬಾರದು ಅಂತ ಬರೀರಿ ಮೇಡಂ," ಅಂದಳು. "ಒಂದೇ ಒಂದೆಳೆ."

ಕವರಣ್ಣ ಅವಳ ಮುಖವನ್ನೇ ನೋಡುತ್ತ ಕೂತಿದ್ದ. ಅಧಿಕಾರಿ ಖುಷಿಯಾಗಿ ಬರೆದುಕೊಂಡಳು.

ನಿಯಮ ಅಚ್ಚಾಗಿ ಬಂತು. 'ಚೀಲವು ಪೂರ್ಣವಾಗಿ ಹತ್ತಿಯದಾಗಿರತಕ್ಕದ್ದು. ಅದರಲ್ಲಿ ಪ್ಲಾಸ್ಟಿಕ್ಕಿನ ಒಂದೆಳೆಯೂ ಇರತಕ್ಕದ್ದಲ್ಲ.' ಗುಂಡಿಯಕ್ಕ ಆ ಹಾಳೆಯನ್ನು ತನ್ನ ಮಿಷಿನ್ನಿನ ಮೇಲಿನ ಗೋಡೆಗೆ ಮೊಳೆ ಹೊಡೆದು ಹಾಕಿದಳು. ಶಾಲೆಯನ್ನು ಏಳನೇ ತರಗತಿಗೆ ಬಿಟ್ಟವಳ ಬಾಯಿಮಾತು ಕಾನೂನಾಗಿದೆ ಅಂದರೆ ಹುಡುಗಾಟವೇ? ಬಂದ ಗಿರಾಕಿಗಳಿಗೆಲ್ಲ ಓದಿ ಹೇಳಿದಳು. ಪ್ಯಾಂಟು ಗಿಡ್ಡ ಮಾಡಿಸಿಕೊಳ್ಳಲು ಬಂದವನೊಬ್ಬ ಎರಡು ಸಲ ಕೇಳಬೇಕಾಯಿತು.

ಈ ಗಿಡ್ಡ ಮಾಡುವ ಕೆಲಸವೇ ಈಗ ಉಳಿದಿದ್ದು. ಸಿದ್ಧ ಉಡುಪು ಬಂದ ಮೇಲೆ ಅಳತೆ ಕೊಟ್ಟು ಹೊಲಿಸುವವರು ಯಾರು? ಎರಡು ಮಿಷಿನ್ನಿಗೆ ಬಟ್ಟೆ ಹೊದಿಸಿಟ್ಟು ತಿಂಗಳಾಗಿತ್ತು. ನಾದಿನಿ ದೊಡ್ಡ ಅಂಗಡಿಯೊಂದರಲ್ಲಿ ಅಂಗಿ ಮಡಚಿಡುವ ಕೆಲಸ ಕೇಳಿ ಬಂದಿದ್ದಳು. ಹದಿನಾರು ವರ್ಷ ಹೊಲಿದ ಕೈ, ಬೇರೆಯವರು ಹೊಲಿದದ್ದನ್ನು ಮಡಚಿಡುವುದು! ಚೀಲದ ಕೆಲಸ ಸಿಕ್ಕರೆ ಮೂರು ಮಿಷಿನ್ನೂ ಓಡುತ್ತವೆ, ಸಿಗದಿದ್ದರೆ ಎರಡನ್ನು ಮಾರಿ ನಾದಿನಿಯನ್ನು ಮಡಚಲು ಕಳಿಸುವುದು. ಮೂವರಿಗೂ ಅದು ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡಿರಲಿಲ್ಲ.

ಪರೀಕ್ಷೆಗೆ ಆರುನೂರು ಚೀಲ ತಯಾರಿರಬೇಕು, ಅದರಲ್ಲಿ ಯಾವುದೋ ಒಂದನ್ನು ಅಧಿಕಾರಿ ಆರಿಸುತ್ತಾಳೆ ಎಂಬುದು ಷರತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯೋದು ಅಂದರೆ ಇದೇ ನೋಡು ಎಂದು ಅತ್ತೆ ಗೊಣಗಿದಳು, ಗೊಣಗುತ್ತಲೇ ಹೊಲಿದಳು. ಮೂರು ವಾರ ಮೂವರೂ ಸೊಂಟ ನೆಟ್ಟಗೆ ಮಾಡಲಿಲ್ಲ. ಬಿಳುಪು ಮಾಡದ ಒರಟು ಹತ್ತಿ ಬಟ್ಟೆ, ನೀಲಿ ದಾರದ ಹೊಲಿಗೆ. ಐದು ಕಿಲೋ ಆಲೂಗಡ್ಡೆ ತುಂಬಿ ಮೊಳೆಗೆ ನೇತುಹಾಕಿ ಒಂದು ಹಗಲಿಡೀ ಬಿಟ್ಟರೂ ಹಿಡಿ ಜಗ್ಗಲಿಲ್ಲ.

ಪರೀಕ್ಷೆಯ ದಿನ ಅಧಿಕಾರಿಯ ಕೋಣೆಯಲ್ಲಿ ಮೇಜಿನ ಮೇಲೊಂದು ಸ್ಟೀಲಿನ ತಟ್ಟೆ, ಇಕ್ಕಳ, ಬೆಂಕಿಪೆಟ್ಟಿಗೆ, ಕೆಳಗೊಂದು ಬಕೆಟ್ಟು ನೀರು. ಕಿಟಕಿ ತೆರೆದಿಟ್ಟಿದ್ದರು. ಮೊದಲು ಕವರಣ್ಣನ ಎಲೆ ಚಿತ್ರದ ಚೀಲ. ಬೆಂಕಿ ತಾಗಿಸಿದ್ದೇ ತಡ ಅದು ಮುದುಡಿಕೊಂಡು ತೊಟ್ಟು ತೊಟ್ಟಾಗಿ ತಟ್ಟೆಗೆ ಸುರಿಯಿತು, ಕೋಣೆಯೆಲ್ಲ ಕಮಟು. ಅಧಿಕಾರಿ ಮೂಗು ಮುಚ್ಚಿಕೊಂಡು 'ತಿರಸ್ಕೃತ' ಎಂದು ಬರೆದಳು. ಗುಂಡಿಯಕ್ಕನಿಗೆ ಹೋದ ವರ್ಷದ ಚರಂಡಿಯ ಸೇಡು ತೀರಿದಷ್ಟು ತೃಪ್ತಿಯಾಯಿತು.

ಆಮೇಲೆ ಅವಳ ಚೀಲ. ಮೂಲೆಯ ಬಟ್ಟೆ ಕಾಗದದ ಹಾಗೆ ಉರಿದು ಬೂದಿಯಾಯಿತು. ಅಧಿಕಾರಿ ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಪುಡಿ. ಪೆನ್ನಿನ ಮುಚ್ಚಳ ತೆಗೆದಳು. ಅಷ್ಟೇ ಆಗಬೇಕಿತ್ತು. ಕೈಗೆ ಬಂದ ತುತ್ತು ಬಾಯಿಗೆ ಇನ್ನೊಂದು ಗೇಣಿತ್ತು.

"ಮೇಡಂ, ತಪ್ಪು ತಿಳ್ಕೋಬೇಡಿ," ಅಂದ ಕವರಣ್ಣ. "ಹೊಲಿಗೆ ಹಾಕಿರೋ ಜಾಗ ಒಂದ್ಸಲ ನೋಡಿಬಿಡಿ."

ಅಧಿಕಾರಿ ಚೀಲವನ್ನು ತಿರುಗಿಸಿ ತಳದ ಹೊಲಿಗೆಗೆ ಕಡ್ಡಿ ಗೀರಿದಳು. ಬಟ್ಟೆ ಉರಿದು ಬೂದಿಯಾಯಿತು. ಬೂದಿಯ ಮೇಲೆ ಮಾತ್ರ ಸಾಲಾಗಿ, ಸಾಸಿವೆಯಷ್ಟು ಗಾತ್ರದ, ನೀಲಿ ಹೋಗಿ ಕಪ್ಪಾದ ಗಟ್ಟಿ ಮಣಿಗಳು ಉಳಿದವು.

ಗುಂಡಿಯಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಅದು ದಾರ ಅಲ್ಲವಾ ಅಂದಳು. ಚೀಲ ಹತ್ತಿಯದು, ಅದು ಬರೀ ದಾರ. ಹೊಲಿಗೆಯವರ ಲೆಕ್ಕವೇ ಹಾಗೆ ನೋಡಿ. ಬಟ್ಟೆ ನಿಮ್ಮದು, ದಾರ ನಮ್ಮದು ಅನ್ನುವುದು ಅವರ ಮಾತು. ಗಿರಾಕಿ ಬಟ್ಟೆ ಆರಿಸುತ್ತಾನೆ, ಅಸ್ತರು ಆರಿಸುತ್ತಾನೆ, ಗುಂಡಿ ಆರಿಸುತ್ತಾನೆ, ದಾರವನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಮೂರು ವಾರ ಮೂವರು ಹೆಂಗಸರು ಕಣ್ಣಿಗೆ ಹಿಡಿದು ಸೂಜಿಗೆ ಪೋಣಿಸಿದ್ದು ಅದನ್ನೇ. ಪಾಲಿಸ್ಟರ್ ದಾರ, ಅಂದರೆ ಅದೂ ಪ್ಲಾಸ್ಟಿಕ್ಕೇ. ಗಟ್ಟಿ, ಜಗ್ಗುವುದಿಲ್ಲ, ಕಿತ್ತು ಬರುವುದಿಲ್ಲ. ಅಂಗಿ ಹರಿದರೂ ಗುಂಡಿ ಬಿಡದ ಆ ಹೆಸರು ಅವಳಿಗೆ ಬಂದದ್ದೇ ಆ ದಾರದಿಂದ.

ಅಧಿಕಾರಿ ನಿಯಮದ ಹಾಳೆಯನ್ನು ಎಳೆದುಕೊಂಡು ಓದಿದಳು, ಬೇರೇನಾದರೂ ಅರ್ಥ ಹೊರಡುತ್ತದೋ ಎಂದು ಮತ್ತೊಮ್ಮೆ ಓದಿದಳು. ಒಂದೆಳೆಯೂ ಇರತಕ್ಕದ್ದಲ್ಲ. ಅದರಲ್ಲಿ ಹೊರಡುವ ಅರ್ಥ ಒಂದೇ.

"ಇದು ನೀವೇ ಬರೆಸಿದ್ದು," ಅಂದಳು. ಬೈದ ಹಾಗಿರಲಿಲ್ಲ ಅದು, ಅವಳಿಗೇ ಅಳು ಬರುವಂತಿತ್ತು.

ಇಬ್ಬರದ್ದೂ ತಿರಸ್ಕೃತ. ಒಂಬತ್ತು ದಿನಕ್ಕೆ ಎರಡನೇ ಪರೀಕ್ಷೆ, ಅದೇ ಕೊನೆಯದು. ಹಾಗಾದರೆ ಅಲ್ಲಿಯವರೆಗೆ ಮಾರುಕಟ್ಟೆಯಲ್ಲಿ ಏನು ಎಂದು ಗುಂಡಿಯಕ್ಕ ಕೇಳಿದಳು. ಅದಕ್ಕೂ ಒಂದು ಸಾಲಿತ್ತು: 'ಯೋಗ್ಯ ಚೀಲ ದೊರೆಯುವವರೆಗೆ ಹಾಲಿ ವ್ಯವಸ್ಥೆ ಮುಂದುವರಿಯತಕ್ಕದ್ದು.' ಹಾಲಿ ವ್ಯವಸ್ಥೆ ಅಂದರೆ ಕವರು. ಅಂದರೆ ಕವರಣ್ಣನ ಕವರು. ಅಲ್ಲ ಕಣ್ರೀ, ಕವರು ನಿಲ್ಲಿಸಬೇಕು ಅಂತ ಎದೆ ಬಡಿದುಕೊಂಡವಳ ಒಂದು ಮಾತು ಹಿಡಿದು ಕವರನ್ನೇ ಉಳಿಸುವ ಕಾನೂನು ಇನ್ನೆಲ್ಲಾದರೂ ಇದ್ದೀತಾ? ಅವಳು ಸುಟ್ಟ ಚೀಲವನ್ನು ಎತ್ತಿಕೊಂಡು ಎದ್ದಳು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದೆ ಅನ್ನುವುದು ಮೆಟ್ಟಿಲಿಳಿಯುವಾಗ ಪೂರ್ತಿ ಅರ್ಥವಾಯಿತು.

ಅಳಲು ಟೈಮಿರಲಿಲ್ಲ. ಹತ್ತಿ ದಾರ ಬೇಕಿತ್ತು. ಹತ್ತಿ ದಾರ ಸಿಗುವುದು ಮಾರುಕಟ್ಟೆಯಲ್ಲಿ ಒಂದೇ ಕಡೆ, ಎಲ್ಲಿ ಅಂತ ಬೇರೆ ಹೇಳಬೇಕೆ? ಕವರಣ್ಣ ಅವಳಿಗಿಂತ ಮೊದಲೇ ಬಂದು ಗಲ್ಲಾದ ಹಿಂದೆ ಕೂತಿದ್ದ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ನಿಮಗೆ ಗೊತ್ತಿತ್ತು ಅಲ್ವಾ?"

"ಆ ದಾರ ನನ್ನ ಅಂಗಡೀದೇ ಅಲ್ವಾ ಅಕ್ಕ," ಅಂದ ಕವರಣ್ಣ. "ಗಟ್ಟಿ ದಾರ ಕೊಡಿ ಅಂದ್ರಿ, ಕೊಟ್ಟೆ. ನೀವು ಒಂದೆಳೆಯೂ ಇರಬಾರದು ಅಂತ ಬರೆಸ್ತಾ ಇದ್ದಾಗ ಹೇಳೋಣ ಅಂದ್ಕೊಂಡೆ. ಆಮೇಲೆ ಯಾಕೆ ಹೇಳಬೇಕು ಅನ್ನಿಸ್ತು. ನನ್ನ ಹೊಟ್ಟೆ ಮೇಲೇ ಅಲ್ವಾ ನೀವು ಬರೆಸ್ತಾ ಇದ್ದಿದ್ದು?"

ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಸಿಟ್ಟು ಬಂದದ್ದೇ ಅದಕ್ಕೆ. ಅವನು ಹತ್ತಿ ದಾರದ ಹನ್ನೆರಡು ಉಂಡೆಗಳನ್ನು ಅಭ್ಯಾಸಬಲದಿಂದ ತೆಳು ಕವರಿಗೆ ತುಂಬಿದ. ಕವರು ಬೇಡ ಎಂದು ಗುಂಡಿಯಕ್ಕ ಸುರಿದುಕೊಂಡಳು, ತನ್ನ ಚೀಲಕ್ಕೆ. ತಿರುಗಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಸುಟ್ಟ ತಳದಿಂದ ಉಂಡೆಗಳು ಒಂದೊಂದಾಗಿ ಜಾರಿ ರಸ್ತೆಯ ಮೇಲೆ ದಾರ ಬಿಚ್ಚಿಕೊಳ್ಳುತ್ತ ಉರುಳಿದವು. ಮೀನಿನವಳು ಒಂದನ್ನು ಕಾಲಲ್ಲಿ ತಡೆದು, "ಇದು ಯಾರ್ದು ಅಕ್ಕ?" ಅಂತ ನಕ್ಕಳು. ಕವರಣ್ಣ ಕವರು ಹಿಡಿದುಕೊಂಡು ಓಡಿ ಬಂದು, ಬಗ್ಗಿ ಎಲ್ಲ ಆರಿಸಿ ತುಂಬಿ ಅವಳ ಕೈಗೆ ಕೊಟ್ಟ. ಅವಳು ತೆಗೆದುಕೊಂಡಳು. ಇನ್ನೇನು ಮಾಡುತ್ತಾಳೆ ಹೇಳಿ?

ಮನೆಯಲ್ಲಾದರೂ ಯಾರಾದರೂ ಬೈದಿದ್ದರೆ ಎದುರು ಬೈದು ಹಗುರಾಗಬಹುದಿತ್ತು. ನಾದಿನಿ ಕೇಳಿ ಜೋರಾಗಿ ನಕ್ಕಳು, ನಗು ನಿಲ್ಲಿಸಲಾಗದೆ ಕೊನೆಗೆ ಕಣ್ಣೊರೆಸಿಕೊಂಡಳು. ಅತ್ತೆ ಬ್ಲೇಡು ಹುಡುಕಿ ತಂದು ಕಿಟಕಿಯ ಬಳಿ ಕೂತಳು. ಹತ್ತಿ ದಾರ ಒಂದು ಹೊಲಿಗೆಗೆ ತಾಳುವುದಿಲ್ಲ, ಅಂಚನ್ನು ಎರಡು ಮಡಿಕೆ ಮಡಚಿ ಜೋಡಿ ಹೊಲಿಗೆ ಹಾಕಬೇಕು, ತಾನು ಸೊಸೆಯಾಗಿ ಬಂದ ಕಾಲದಲ್ಲಿ ಹಾಗೇ ಮಾಡುತ್ತಿದ್ದದ್ದು ಅಂದಳು. ದುಪ್ಪಟ್ಟು ಕೆಲಸ, ಅರ್ಧಕ್ಕರ್ಧ ದಿನ.

ಬಿಚ್ಚುವುದು ಹೊಲಿಯುವುದಕ್ಕಿಂತ ಕಷ್ಟ. ಗುಂಡಿಯಕ್ಕನ ಹೊಲಿಗೆ ಗಟ್ಟಿ ಅಂತ ಊರೆಲ್ಲ ಹೊಗಳುತ್ತಿತ್ತಲ್ಲ, ಆ ಹೊಗಳಿಕೆಯನ್ನು ಈಗ ಅವಳೇ ಒಂದೊಂದು ಇಂಚು ಕಿತ್ತಳು. ಬೆರಳ ತುದಿ ಸೀಳಿತು. ನೀಲಿ ತುಂಡುಗಳು ಬಟ್ಟೆಗೆ, ಕೂದಲಿಗೆ, ನೆಲಕ್ಕೆ, ತಿನ್ನುವ ತಟ್ಟೆಗೆ ಅಂಟಿಕೊಂಡವು. ಪರೀಕ್ಷೆಯಲ್ಲಿ ಒಂದೇ ಒಂದು ತುಂಡು ಸಿಕ್ಕರೂ ಮುಗಿಯಿತು ಎಂದು ಅತ್ತೆ ಪ್ರತಿ ಚೀಲವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಾದಿನಿ ದಿನವೂ ಸಂಜೆ ಗುಡಿಸಿ, ಆ ನೀಲಿ ಜುಂಗನ್ನೆಲ್ಲ ಒಟ್ಟು ಮಾಡಿ, ಅಂಗಡಿಯಲ್ಲಿದ್ದ ಒಂದೇ ಕವರಿಗೆ ತುರುಕುತ್ತಿದ್ದಳು. ಕವರಣ್ಣ ಕೊಟ್ಟ ಕವರು ಅದು.

"ಇದನ್ನ ಎಲ್ಲಿ ಹಾಕೋದು ಅತ್ತಿಗೆ?" ಎಂದು ಕೇಳಿದಳು, ಕವರು ತುಂಬಿದ ದಿನ.

ಗುಂಡಿಯಕ್ಕ ತಲೆಯೆತ್ತಲಿಲ್ಲ. ಕಸದ ಗಾಡಿಯವರು ದಾರ ಮುಟ್ಟುವುದಿಲ್ಲ, ಅವರ ಯಂತ್ರದ ಹಲ್ಲಿಗೆ ಸುತ್ತಿಕೊಳ್ಳುತ್ತದಂತೆ. ಸುಡುವ ಹಾಗಿಲ್ಲ, ಅದಕ್ಕೂ ಒಂದು ನಿಯಮ ಇದೆ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ, ಸದ್ಯ ಹಿಂದೆ ಇಡು ಅಂದಳು. ನಾದಿನಿ ಕವರಿನ ಬಾಯಿ ಗಂಟು ಹಾಕಿ ಹಿಂಬಾಗಿಲ ಮೆಟ್ಟಿಲ ಮೇಲಿಟ್ಟಳು.

ಏಳನೆಯ ದಿನ ಮಧ್ಯಾಹ್ನ ಮಳೆ ಬಂತು. ನಾನೂರ ಎಪ್ಪತ್ತು ಚೀಲ ಮುಗಿದಿದ್ದವು. ಮೊದಲು ಗುಂಡಿಯಕ್ಕನಿಗೆ ಕೇಳಿಸಿದ್ದು ಚರಂಡಿಯ ಸದ್ದು, ಆಮೇಲೆ ಆ ಸದ್ದು ನಿಂತದ್ದು. ಸದ್ದು ನಿಲ್ಲುವುದೆಂದರೆ ಏನು ಅಂತ ಅವಳಿಗೆ ಗೊತ್ತು. ಚೀಲ ಮೇಲೆತ್ತಿ ಎಂದು ಕೂಗಿದಳು. ಮೂವರೂ ಕಟ್ಟು ಕಟ್ಟು ಎತ್ತಿ ಮಿಷಿನ್ನಿನ ಮೇಲೆ, ಕಪಾಟಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಪೇರಿಸಿದರು. ಅತ್ತೆ ಮೇಜಿನ ಮೇಲೆ ಹತ್ತಿ ಕೂತು ಮಡಿಲಲ್ಲಿ ಐವತ್ತು ಚೀಲ ಇಟ್ಟುಕೊಂಡಳು. ನೀರು ಹೊಸ್ತಿಲು ದಾಟಿ ಕೊಚ್ಚೆಯ ನಾತದೊಂದಿಗೆ ಒಳಗೆ ಬಂತು, ಪಾದ ಮುಳುಗಿತು, ಇನ್ನೂ ಏರುತ್ತಿತ್ತು. ಇನ್ನೊಂದು ಗೇಣು ಏರಿದರೆ ಕೆಳಗಿನ ಕಟ್ಟುಗಳು ಹೋದ ಹಾಗೆಯೇ, ಕೆಲಸವೂ ಹೋದ ಹಾಗೆಯೇ.

ಗುಂಡಿಯಕ್ಕ ಹಿಂಬಾಗಿಲಿನಿಂದ ಚರಂಡಿಗಿಳಿದಳು. ತೊಡೆಯವರೆಗೆ ನೀರು. ಮಾರುಕಟ್ಟೆಯವರನ್ನು, ಕವರಣ್ಣನನ್ನು, ನಗರಸಭೆಯನ್ನು, 'ಹಾಲಿ ವ್ಯವಸ್ಥೆ' ಎಂದು ಬರೆದ ಕೈಯನ್ನು ಬಾಯಿಗೆ ಬಂದಂತೆ ಬೈಯುತ್ತ ಮೋರಿಯ ಸರಳುಗಳವರೆಗೆ ನಡೆದಳು. ಹಳದಿ ಕವರು, ಬಿಳಿ ಕವರು, ಕಪ್ಪು ಕವರು, ಕಿತ್ತು ಕಿತ್ತು ದಂಡೆಗೆ ಎಸೆದಳು. ನೀರು ಅಲ್ಲಾಡಲಿಲ್ಲ. ಕೆಳಗೆ ಇನ್ನೇನೋ ಇತ್ತು, ದಪ್ಪಗೆ, ಮೆತ್ತಗೆ, ಸರಳಿನ ಸಂದಿಗೆ ಬೆಣೆ ಹೊಡೆದ ಹಾಗೆ ಕೂತದ್ದು. ಎರಡೂ ಕೈ ಹಾಕಿ, ಕಾಲು ಗೋಡೆಗೆ ಒದ್ದು ಎಳೆದಳು. ಅದು ಕಿತ್ತು ಬಂದದ್ದೇ ಚರಂಡಿ ಗೊಳಗೊಳ ಅಂದು ನೀರು ಹರಿಯಿತು.

ಕೈಯಲ್ಲಿದ್ದದ್ದು ಗಂಟು ಹಾಕಿದ ಒಂದು ಕವರು. ನೀರು ಕುಡಿದು ಊದಿಕೊಂಡಿತ್ತು. ಹರಿದ ಬದಿಯಿಂದ ನೀಲಿ ದಾರ ಹೊರಗೆ ಬಂದು ಸರಳಿಗೆಲ್ಲ ಸುತ್ತಿಕೊಂಡಿತ್ತು, ಜಗ್ಗದೆ, ಕಡಿಯದೆ, ಅವಳ ಹೊಲಿಗೆಯಷ್ಟೇ ಗಟ್ಟಿಯಾಗಿ.

ಮಳೆ ಸಣ್ಣಗಾಗಿತ್ತು. ನೀರಿಳಿದದ್ದು ನೋಡಲು ಮುಂಭಾಗದವರು ಬಂದು ದಂಡೆಯ ಮೇಲೆ ನಿಂತಿದ್ದರು. ಮೀನಿನವಳು ತಲೆಗೆ ಒಂದು ಕವರು ಮುಚ್ಚಿಕೊಂಡಿದ್ದಳು. ರೇಗಿಸುವ ಅವಕಾಶ ಅವಳು ಬಿಡುವವಳಲ್ಲ.

"ಈ ಸಲ ಯಾರ್ದಂತೆ ಅಕ್ಕ?"

ಗುಂಡಿಯಕ್ಕ ಬಾಯಿ ತೆರೆದಳು. ಬೈಗುಳವೆಲ್ಲ ನಾಲಿಗೆಯ ಮೇಲೇ ಇತ್ತು, ಒಂದೂ ಹೊರಗೆ ಬರಲಿಲ್ಲ.

"ನಂದು," ಅಂದಳು.

ಯಾರೂ ನಗಲಿಲ್ಲ. ಒಳಗಿನಿಂದ ಅತ್ತೆ, ಚೀಲವೆಲ್ಲ ಒಣಗೇ ಇವೆ, ಬೇಗ ಬಾ, ಇನ್ನೂ ನೂರ ಮೂವತ್ತು ಬಾಕಿ ಇದೆ ಎಂದು ಕೂಗುತ್ತಿದ್ದಳು. ಗುಂಡಿಯಕ್ಕ ಆ ಕವರನ್ನು ಎದೆಗೆ ಒತ್ತಿ ಹಿಡಿದುಕೊಂಡೇ ದಂಡೆ ಹತ್ತಿದಳು, ಅದನ್ನು ಕೆಳಗಿಡಲು ಎಲ್ಲೂ ಜಾಗ ಕಾಣಲಿಲ್ಲ.